ಸಾರಿಗೆ ಬಸ್ಸಿನ ಮಾಡ್ ಎಲ್ಲಿ ಹಾಕುವುದು? ವರ್ಕ್‌ಶಾಪ್, ನೆಕ್ಸಸ್, ಬಸ್ಸಿಡ್: ಹಕ್ಕಿನ ಲೆಕ್ಕದಲ್ಲಿ ಒಂದು ವಿಮರ್ಶೆ

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಹುಡುಗರು ಗೇಮಿಗೆ ಮಾಡ್ (ಆಟಕ್ಕೆ ಆಟಗಾರರೇ ಕಟ್ಟಿ ಸೇರಿಸುವ ವಾಹನ, ಬಣ್ಣ, ಬದಲಾವಣೆ) ಮಾಡಲು ಕೂತರೆ ಮೊದಲು ಕೈ ಹೋಗುವುದು ಬಸ್ಸಿಗೇ. ಮೊಬೈಲಿನಲ್ಲಾದರೆ ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾ, ಅಂದರೆ ಎಲ್ಲರ ಬಾಯಲ್ಲಿರುವ ಬಸ್ಸಿಡ್. ಕಂಪ್ಯೂಟರಿನಲ್ಲಾದರೆ ಯೂರೋ ಟ್ರಕ್ ಸಿಮ್ಯುಲೇಟರ್ 2. ಮಾಡ್ ಹೇಗೆ ಮಾಡಬೇಕೆಂದು ಹೇಳಿಕೊಡುವ ವಿಡಿಯೋಗಳಿಗೆ ಬರವಿಲ್ಲ. ಮಾಡಿದ್ದನ್ನು ಎಲ್ಲಿಟ್ಟರೆ ಉಳಿಯುತ್ತದೆ, ಎಲ್ಲಿಟ್ಟರೆ ಒಂದು ದೂರಿಗೇ ಮಾಯವಾಗುತ್ತದೆ ಎಂದು ಹೇಳುವವರು ಕಡಿಮೆ. ಅದಕ್ಕೇ ಈ ವಿಮರ್ಶೆಯಲ್ಲಿ ಗ್ರಾಫಿಕ್ಸ್ ಮಾತಿಲ್ಲ. ಮಾಡ್ ಇಡಲು ಜಾಗ ಕೊಡುವ ಎರಡು ಸೇವೆಗಳು (ಸ್ಟೀಮ್ ಎಂಬ ಆಟದಂಗಡಿಯ ವರ್ಕ್‌ಶಾಪ್, ನೆಕ್ಸಸ್ ಮಾಡ್ಸ್ ತಾಣ) ಮತ್ತು ಜಾಗವನ್ನೇ ಕೊಡದ ಒಂದು ಆಟ (ಬಸ್ಸಿಡ್), ಈ ಮೂರನ್ನು ಮೂರೇ ಪ್ರಶ್ನೆಯಿಂದ ಅಳೆದಿದ್ದೇವೆ: ಹಾಕುವ ಮುಂಚೆ ಏನು ಕೇಳುತ್ತವೆ, ದೂರು ಬಂದಾಗ ಏನು ಮಾಡುತ್ತವೆ, ನಿಮ್ಮ ಕೆಲಸವನ್ನೇ ಇನ್ನೊಬ್ಬ ಎತ್ತಿಕೊಂಡು ಹೋದರೆ ಎಷ್ಟರ ಮಟ್ಟಿಗೆ ನಿಮ್ಮ ಬೆನ್ನಿಗೆ ನಿಲ್ಲುತ್ತವೆ.

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಬಸ್ಸಿನ ಮಾಡಿಗೆ ಸ್ಟೀಮ್ ವರ್ಕ್‌ಶಾಪೇ ಒಳ್ಳೆಯ ಮನೆ, 5ಕ್ಕೆ 4 ಅಂಕ. ನೆಕ್ಸಸ್ ಮಾಡ್ಸ್‌ನ ಅನುಮತಿ ಪುಟ ಮೂರರಲ್ಲೇ ಉತ್ತಮ, ಆದರೆ ಬಸ್ ನೋಡಲು ಅಲ್ಲಿಗೆ ಬರುವ ಜನ ಕಡಿಮೆ, 5ಕ್ಕೆ ಮೂರೂವರೆ. ಬಸ್ಸಿಡ್ ಆಟವಾಗಿ ಚಂದ, ಹಕ್ಕಿನ ವಿಷಯದಲ್ಲಿ ಸಂತೆ, 5ಕ್ಕೆ 2. ಮೂವರೂ ಮಾಡದ ಕೆಲಸವೊಂದಿದೆ. ನೀವು ಹಚ್ಚಿದ ಲೋಗೋ ನಿಮ್ಮದೋ ಅಲ್ಲವೋ ಎಂದು ಮುಂಚಿತವಾಗಿ ಯಾರೂ ನೋಡುವುದಿಲ್ಲ. ಜಾಗ ಕೊಡುವವರು "ಇದರ ಹಕ್ಕು ನನ್ನ ಬಳಿ ಇದೆ" ಎಂದು ನಿಮ್ಮಿಂದಲೇ ಒಪ್ಪಿಸಿಕೊಂಡು ಹೊಣೆಯನ್ನೆಲ್ಲ ನಿಮ್ಮ ತಲೆಗೇ ಕಟ್ಟುತ್ತಾರೆ. ಹಾಗಾಗಿ ಸೇವೆಗಿಂತ ಮೊದಲು ಬಸ್ಸನ್ನೇ ನೋಡಬೇಕು.

ಒಂದೇ ಬಸ್ಸು, ಎಷ್ಟು ಮಂದಿಯ ಪಾಲು

ಹಳೇ ಬಸ್ ಸ್ಟ್ಯಾಂಡಿನಲ್ಲಿ ನಿಂತ ಒಂದು ಕೆಂಪು ಬಸ್ಸನ್ನು ಮುಂದಿನಿಂದ ಹಿಂದಿನವರೆಗೆ ಸುತ್ತು ಹಾಕಿ ನೋಡಿ. ಮುಂಭಾಗದ ಗ್ರಿಲ್ ಮೇಲೆ ಟಾಟಾ ಅಥವಾ ಅಶೋಕ್ ಲೇಲ್ಯಾಂಡ್ ಗುರುತು: ನೋಂದಾಯಿತ ಟ್ರೇಡ್‌ಮಾರ್ಕ್. ಕೆಲವು ಬಸ್ಸುಗಳ ಮೇಲೆ ಮಾರ್ಕೋಪೋಲೋ ಎಂದಿರುತ್ತದೆ. ಬಾಡಿ ಕಟ್ಟಿದ್ದು ಧಾರವಾಡದ ಕಾರ್ಖಾನೆಯಾದರೂ ಆ ಹೆಸರು ಬ್ರೆಜಿಲ್ ಕಂಪನಿಯದು. ಇಬ್ಬರೂ ಕೂಡಿ ನಡೆಸುತ್ತಿದ್ದ ಆ ಉದ್ಯಮದಲ್ಲಿ ಬ್ರೆಜಿಲ್‌ನವರ 49 ಪ್ರತಿಶತ ಪಾಲನ್ನು ಕೊಳ್ಳುವುದಾಗಿ ಟಾಟಾ ಮೋಟಾರ್ಸ್ ಪ್ರಕಟಿಸಿದ್ದು 2020ರ ಡಿಸೆಂಬರಿನಲ್ಲಿ. ಪಾಲು ಕೈ ಬದಲಾದರೂ ಹೆಸರು ಬ್ರೆಜಿಲ್‌ನವರದಾಗಿಯೇ ಉಳಿಯಿತು. ಪಕ್ಕದಲ್ಲಿ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಹೆಸರು, ಲಾಂಛನ. 1997ರ ನವೆಂಬರ್ 1ರಂದು ಕೆಎಸ್‌ಆರ್‌ಟಿಸಿಯಿಂದ ಬೇರ್ಪಟ್ಟ ಪ್ರತ್ಯೇಕ ಸಂಸ್ಥೆ ಇದು. ಬೆಂಗಳೂರಿನವರ ಅನುಮತಿ ಹುಬ್ಬಳ್ಳಿ ಬಸ್ಸಿಗೆ ನಡೆಯುವುದಿಲ್ಲ. ಹಿಂಭಾಗದಲ್ಲಿ ಯಾವುದೋ ಜಾಹೀರಾತು: ಅದರ ಫೋಟೋ, ಅಕ್ಷರವಿನ್ಯಾಸ, ಚಿತ್ರ ಇನ್ನೊಬ್ಬರ ಹಕ್ಕುಸ್ವಾಮ್ಯ. "ಹುಬ್ಬಳ್ಳಿ–ಗದಗ ತಡೆರಹಿತ" ಎಂಬ ಫಲಕ ಮಾತ್ರ ಯಾರಪ್ಪನ ಸೊತ್ತೂ ಅಲ್ಲ. ಊರ ಹೆಸರು, ಮಾರ್ಗ, ಕೆಎ-25 ಎಂಬ ಸರಣಿ ಧಾರಾಳವಾಗಿ ಬಳಸಿ.

ಸಾರಿಗೆ ಸಂಸ್ಥೆಯ ಹೆಸರಿನ ಬಗ್ಗೆ "ಸರಕಾರದ್ದಲ್ಲವೇ, ಯಾರು ಕೇಳುತ್ತಾರೆ" ಎನ್ನುವವರಿಗೆ ಒಂದು ಜಗಳ ನೆನಪಿಸಬೇಕು. ಕೆಎಸ್‌ಆರ್‌ಟಿಸಿ ಎಂಬ ಅಕ್ಷರಗಳಿಗಾಗಿ ಕರ್ನಾಟಕ ಮತ್ತು ಕೇರಳದ ಸಾರಿಗೆ ಸಂಸ್ಥೆಗಳೇ ವರ್ಷಗಟ್ಟಲೆ ಗುದ್ದಾಡಿದವು. ಕರ್ನಾಟಕ ನೋಂದಣಿ ಮಾಡಿಸಿತು, ಕೇರಳ ಅದನ್ನು ಚೆನ್ನೈನ ಬೌದ್ಧಿಕ ಆಸ್ತಿ ಮೇಲ್ಮನವಿ ಮಂಡಳಿಯಲ್ಲಿ ಪ್ರಶ್ನಿಸಿತು. 2021ರಲ್ಲಿ ಮಂಡಳಿಯನ್ನೇ ರದ್ದು ಮಾಡಿದಾಗ ಪ್ರಕರಣ ಮದ್ರಾಸ್ ಹೈಕೋರ್ಟಿಗೆ ಹೋಯಿತು. 2023ರ ಡಿಸೆಂಬರಿನಲ್ಲಿ ಕೇರಳದ ಅರ್ಜಿ ವಜಾ ಆಯಿತು. ಅಷ್ಟು ಹಟ ಹಿಡಿದು ಹೆಸರು ಕಾಯುವವರು ನಿಮ್ಮ ಮಾಡ್ ಕಡೆ ಕಣ್ಣೆತ್ತಿ ನೋಡುವುದೇ ಇಲ್ಲ ಎಂದು ನಂಬಿ ಕೂರಬೇಡಿ.

ಗಂಡಭೇರುಂಡದ ವಿಷಯ ಇನ್ನೂ ಸೂಕ್ಷ್ಮ. ರಾಜ್ಯ ಸರಕಾರದ ಹೆಸರು, ಲಾಂಛನ, ಮುದ್ರೆಗಳನ್ನು ವ್ಯಾಪಾರಕ್ಕೆ ಬಳಸುವುದನ್ನು 1950ರ ಲಾಂಛನ ಮತ್ತು ಹೆಸರುಗಳ ಕಾಯ್ದೆ ತಡೆಯುತ್ತದೆ. ಇದು ಟ್ರೇಡ್‌ಮಾರ್ಕ್ ಕಾಯ್ದೆಯಲ್ಲ, ಬೇರೆಯೇ ಕಾನೂನು. ಸ್ಕಿನ್, ಅಂದರೆ ಬಸ್ಸಿನ ಮೈಗೆ ಹೊದಿಸುವ ಚಿತ್ರದ ಮೇಲೆ ರಾಜ್ಯ ಲಾಂಛನ ಹಚ್ಚಿ, ಆ ಸ್ಕಿನ್ನಿನ ಲಿಂಕಿನಿಂದ ಜಾಹೀರಾತು ದುಡ್ಡು ಎಣಿಸುವುದು ಸುಮ್ಮನೆ ಮೈಮೇಲೆ ಎಳೆದುಕೊಳ್ಳುವ ಕೆಲಸ.

ಬಸ್ಸಿನ ಆಕಾರ ಯಾರದು? ಇಲ್ಲಿ ನಮ್ಮ ಕಾನೂನು ಮಾಡ್ ಮಾಡುವವರಿಗೆ ತುಸು ಅನುಕೂಲಕರ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 15(2)ನೇ ಕಲಂ ಪ್ರಕಾರ, ಡಿಸೈನ್ ಕಾಯ್ದೆಯಡಿ ನೋಂದಾಯಿಸಬಹುದಾಗಿದ್ದೂ ನೋಂದಾಯಿಸದ ವಿನ್ಯಾಸವನ್ನು ಕೈಗಾರಿಕಾ ವಿಧಾನದಲ್ಲಿ 50ಕ್ಕಿಂತ ಹೆಚ್ಚು ಸಲ ತಯಾರಿಸಿದರೆ ಅದರ ಮೇಲಿನ ಹಕ್ಕುಸ್ವಾಮ್ಯ ಹೋಗುತ್ತದೆ. ನೋಂದಾಯಿಸಿದ್ದರೆ 2000ದ ಡಿಸೈನ್ ಕಾಯ್ದೆಯಡಿ 10 ವರ್ಷ, ಮೇಲೆ 5 ವರ್ಷ ವಿಸ್ತರಣೆ, ಅಲ್ಲಿಗೆ ಮುಗಿಯಿತು. ಕಲಾಕೃತಿ ಎಲ್ಲಿ ಮುಗಿಯುತ್ತದೆ, ಡಿಸೈನ್ ಎಲ್ಲಿ ಶುರುವಾಗುತ್ತದೆ ಎಂಬುದನ್ನು ಸುಪ್ರೀಂ ಕೋರ್ಟ್ 2025ರ ಏಪ್ರಿಲಿನಲ್ಲಿ ಕ್ರಯೋಗ್ಯಾಸ್–ಐನಾಕ್ಸ್ ಪ್ರಕರಣದಲ್ಲಿ ವಿವರಿಸಿದೆ. ಆ ವ್ಯಾಜ್ಯ ಹುಟ್ಟಿದ್ದು ಎಲ್‌ಎನ್‌ಜಿ ಸಾಗಿಸುವ ಸೆಮಿ-ಟ್ರೇಲರಿನ ನಕ್ಷೆಗಳಿಂದ. ಟ್ರಕ್ ಆಟದವರು ಓದಲೇಬೇಕಾದ ತೀರ್ಪು. ಹಾಗಾಗಿ ಸಾವಿರಗಟ್ಟಲೆ ಓಡಾಡುವ ಮಾಮೂಲಿ ಬಸ್ಸಿನ ಡಬ್ಬಿಯಾಕಾರವನ್ನು ನೀವೇ ಅಳತೆ ತೆಗೆದು ಬ್ಲೆಂಡರ್ ಎಂಬ 3ಡಿ ತಂತ್ರಾಂಶದಲ್ಲಿ ಕಟ್ಟಿದರೆ ಅಪಾಯ ಕಡಿಮೆ. ಅಪಾಯವೆಲ್ಲ ಆಕಾರದ ಮೇಲೆ ಅಂಟಿಸಿದ ಹೆಸರು, ಗುರುತು, ಚಿತ್ರಗಳಲ್ಲಿದೆ.

ಹುಬ್ಬಳ್ಳಿ-ಧಾರವಾಡ ನಡುವೆ ಮೀಸಲು ಪಥದಲ್ಲಿ ಓಡುವ ಚಿಗರಿ ಬಸ್ಸಿನಲ್ಲಿ ಪಾಲುದಾರರು ಬೇರೆ. ಹಸಿರು ಎಸಿ ಬಸ್ಸು ವೋಲ್ವೋ ಕಂಪನಿಯದು, ಚಿಗರಿ ಎಂಬ ಹೆಸರು ಮತ್ತು ಚಿತ್ರ ಬಿಆರ್‌ಟಿಎಸ್ ಯೋಜನೆಯದು. ಮಾದರಿ ಕಟ್ಟುವವರು ಮರೆಯುವ ಒಂದು ಸಂಗತಿ: ನಿಲ್ದಾಣಗಳು ರಸ್ತೆ ನಡುವೆ ಇರುವುದರಿಂದ ಬಲಬದಿಗೂ ಬಾಗಿಲು ಬೇಕು. ಯಾವುದೋ ವೋಲ್ವೋ ಮಾಡ್ ಎತ್ತಿಕೊಂಡು ಹಸಿರು ಬಣ್ಣ ಬಳಿದವರು ಸಿಕ್ಕಿಬೀಳುವುದು ಇಲ್ಲೇ. ಬಾಗಿಲು ಎಡಕ್ಕಷ್ಟೇ ಇದ್ದರೆ ಮೂಲ ಮಾಡ್ ಮಾಡಿದವನಿಗೆ ತನ್ನ ಮಾಲು ಗುರುತಿಸಲು ಎರಡು ನಿಮಿಷವೂ ಬೇಡ.

ಸ್ಟೀಮ್ ವರ್ಕ್‌ಶಾಪ್

ಮೊದಲ ಜರಡಿ ಹಣದ್ದು. ಸ್ಟೀಮಿನಲ್ಲಿ ಕನಿಷ್ಠ 5 ಡಾಲರಿನಷ್ಟು ಖರ್ಚು ಮಾಡದ ಖಾತೆ ಸೀಮಿತ ಖಾತೆ, ಅದರಿಂದ ವರ್ಕ್‌ಶಾಪಿಗೆ ಏನೂ ಹಾಕಲಾಗದು. ಕಳ್ಳ ಪ್ರತಿಯಲ್ಲಿ ಆಡುವವರಿಗಂತೂ ಬಾಗಿಲೇ ಇಲ್ಲ. ಇದನ್ನು ಕೊರತೆಯೆಂದು ನಾವು ಎಣಿಸುವುದಿಲ್ಲ, ಕಾನೂನೂ ಅದೇ ಗೆರೆ ಎಳೆದಿದೆ. ಹಕ್ಕುಸ್ವಾಮ್ಯ ಕಾಯ್ದೆಯ 52(1)(ಎಡಿ) ಕಲಂ ಕಂಪ್ಯೂಟರ್ ಪ್ರೋಗ್ರಾಮಿನ ಪ್ರತಿ ಅಥವಾ ಅಳವಡಿಕೆಗೆ ವಿನಾಯಿತಿ ಕೊಡುತ್ತದೆ. ಆದರೆ ಪ್ರತಿ ಕಾನೂನುಬದ್ಧವಾಗಿ ನಿಮ್ಮದಾಗಿರಬೇಕು, ಬಳಕೆ ವೈಯಕ್ತಿಕವಾಗಿರಬೇಕು, ವ್ಯಾಪಾರಕ್ಕಾಗಿರಬಾರದು. ನಿಮ್ಮ ಮನೆಯ ಕಂಪ್ಯೂಟರಿನೊಳಗೆ ಆಟವನ್ನು ಹೇಗೆ ತಿದ್ದಿಕೊಂಡರೂ ಈ ಕಲಂ ನಿಮ್ಮ ಜೊತೆಗಿದೆ. ಹಂಚಲು ಹೊರಟ ಗಳಿಗೆಯಿಂದ ಇಲ್ಲ. ಅಲ್ಲಿಂದಾಚೆ ನಿಮ್ಮನ್ನು ಕಾಯುವುದು ಆಟದ ಕಂಪನಿ ಕೊಟ್ಟ ಅನುಮತಿ ಮಾತ್ರ. ಯೂರೋ ಟ್ರಕ್ ಮಾಡಿದ ಎಸ್‌ಸಿಎಸ್ ಸಾಫ್ಟ್‌ವೇರ್ ಆ ಅನುಮತಿಯನ್ನು ಕೈ ಬಿಚ್ಚಿ ಕೊಟ್ಟಿದೆ. ಮೂಲ ಫೈಲು ಬಿಚ್ಚುವ ಸಲಕರಣೆ, ಬ್ಲೆಂಡರಿಗೆ ಬೇಕಾದ ಸಲಕರಣೆ, ಅಪ್‌ಲೋಡರ್, ಮೂರನ್ನೂ ಅವರೇ ಪುಕ್ಕಟೆ ಹಂಚುತ್ತಾರೆ.

ಅಪ್‌ಲೋಡ್ ಮಾಡುವ ಕ್ರಮ ಹೀಗೆ. ಸ್ಟೀಮ್ ಲೈಬ್ರರಿಯ ಟೂಲ್ಸ್ ವಿಭಾಗದಲ್ಲಿ ಎಸ್‌ಸಿಎಸ್ ವರ್ಕ್‌ಶಾಪ್ ಅಪ್‌ಲೋಡರ್ ಇಳಿಸಿಕೊಳ್ಳಿ. ಮಾಡ್ ಫೋಲ್ಡರಿನಲ್ಲಿ ಮ್ಯಾನಿಫೆಸ್ಟ್ ಫೈಲು ಇರಬೇಕು. ಅದರಲ್ಲಿ ಆವೃತ್ತಿ, ತೋರುವ ಹೆಸರು, ಮಾಡಿದವರ ಹೆಸರು, ವರ್ಗ, ಐಕಾನ್, ವಿವರಣೆ ಫೈಲಿನ ಹೆಸರು, ಆಟದ ಯಾವ ಆವೃತ್ತಿಗೆ ಹೊಂದುತ್ತದೆ ಎಂಬ ಸಾಲು. ಐಕಾನ್ 276 ಬೈ 162 ಪಿಕ್ಸೆಲ್ ಜೆಪಿಜಿ, ವರ್ಕ್‌ಶಾಪ್ ಮುಖಚಿತ್ರ 640 ಬೈ 360. ಟೆಕ್ಸ್ಚರ್, ಅಂದರೆ 3ಡಿ ಮಾದರಿಯ ಮೈಗೆ ಅಂಟಿಸುವ ಚಿತ್ರದ ಅಳತೆ 1024, 2048, 4096ರಂತೆ ಎರಡರ ಘಾತದಲ್ಲಿರಲಿ, ಡಿಡಿಎಸ್ ರೂಪದಲ್ಲಿರಲಿ. ಈ ಆಟದ ಲೆಕ್ಕದಲ್ಲಿ ಬಸ್ಸು ಕೂಡ ಲಾರಿಯೇ, ಅದರ ವ್ಯಾಖ್ಯಾನ ಕೂರುವುದು ಟ್ರಕ್ ಫೋಲ್ಡರಿನಲ್ಲೇ. ಏನಾದರೂ ಕೆಟ್ಟರೆ ಡಾಕ್ಯುಮೆಂಟ್ಸ್ ಒಳಗಿನ ಆಟದ ಫೋಲ್ಡರಿನಲ್ಲಿ ಗೇಮ್ ಲಾಗ್ ಫೈಲು ತೆರೆದು ಎರರ್ ಸಾಲು ಹುಡುಕಿ. ಹೆಚ್ಚಿನ ಸಲ ಯಾವುದೋ ಟೆಕ್ಸ್ಚರಿನ ದಾರಿ ತಪ್ಪಿರುತ್ತದೆ.

ಹಕ್ಕಿನ ದೃಷ್ಟಿಯಿಂದ ಇಲ್ಲೊಂದು ಕೈಚಳಕವಿದೆ. ಆಟದ ಮೂಲ ಸೀಟು, ಸ್ಟೀರಿಂಗ್, ಗಾಜಿನ ಟೆಕ್ಸ್ಚರ್ ಬೇಕೆಂದರೆ ಅದನ್ನು ನಿಮ್ಮ ಫೋಲ್ಡರಿಗೆ ನಕಲು ಮಾಡಬೇಡಿ, ಮೂಲ ಫೈಲಿನ ದಾರಿಯನ್ನಷ್ಟೇ ಬರೆಯಿರಿ. ಆಡುವವನ ಕಂಪ್ಯೂಟರಿನಲ್ಲಿ ಆಟ ಇದ್ದೇ ಇರುತ್ತದೆ, ಅಲ್ಲಿಂದಲೇ ತೆಗೆದುಕೊಳ್ಳುತ್ತದೆ. ಮಾಡ್ ಹಗುರಾಗುತ್ತದೆ, ಬೇರೆಯವರ ಮಾಲನ್ನು ನೀವು ಹಂಚಿದಂತೆಯೂ ಆಗುವುದಿಲ್ಲ. ಹಾಗಂತ "ನನ್ನ ಫೈಲಿನಲ್ಲಿ ಆಟದ ಒಂದು ಚಿತ್ರವೂ ಇಲ್ಲ, ನನಗೇನು" ಎಂದು ಬೀಗಬಾರದು. ಅಮೆರಿಕದಲ್ಲಿ ಮೈಕ್ರೋ ಸ್ಟಾರ್ ಎಂಬ ಕಂಪನಿ ಡ್ಯೂಕ್ ನೂಕೆಮ್ 3ಡಿ ಆಟಕ್ಕೆ ಅಭಿಮಾನಿಗಳು ಮಾಡಿದ 300 ಹಂತಗಳನ್ನು ಸಿಡಿಗೆ ಹಾಕಿ ಮಾರಿತ್ತು. ಆ ಫೈಲುಗಳಲ್ಲಿ ಇದ್ದದ್ದು ಯಾವ ವಸ್ತು ಎಲ್ಲಿ ನಿಲ್ಲಬೇಕೆಂಬ ಸೂಚನೆ ಮಾತ್ರ, ಚಿತ್ರಗಳೆಲ್ಲ ಮೂಲ ಆಟದಲ್ಲೇ ಇದ್ದವು. ಆದರೂ 1998ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಮೂಲ ಕತೆಯ ಮುಂದುವರಿಕೆ ಎಂದು ಬಗೆದು ಮಾರುವವರ ವಿರುದ್ಧ ನಿಂತಿತು. ಅಲ್ಲಿ ಮುಳುಗಿಸಿದ್ದು ಮಾರಾಟ. ವರ್ಕ್‌ಶಾಪಿನಲ್ಲಿ ಯೂರೋ ಟ್ರಕ್ ಮಾಡಿಗೆ ಬೆಲೆ ಹಚ್ಚುವ ವ್ಯವಸ್ಥೆಯೇ ಇಲ್ಲದಿರುವುದು ಆ ಮಟ್ಟಿಗೆ ರಕ್ಷಣೆ.

ಹೊಸಬರು ಗಾಬರಿಯಾಗುವ ಒಂದು ಜಾಗ: ಮೊದಲ ಸಲ ಹಾಕಿದ ಮಾಡ್ ಯಾರಿಗೂ ಕಾಣುವುದಿಲ್ಲ. ಯಾರೋ ದೂರು ಕೊಟ್ಟರು ಎಂದುಕೊಳ್ಳಬೇಡಿ. ವರ್ಕ್‌ಶಾಪಿನ ಕಾನೂನು ಒಪ್ಪಂದಕ್ಕೆ ಒಪ್ಪಿಗೆ ಕೊಡುವವರೆಗೆ ಅದು ಮರೆಯಲ್ಲೇ ಇರುತ್ತದೆ. ಒಪ್ಪಂದ ಓದಿ ಒಪ್ಪಿ. ಮಾಲೀಕತ್ವ ನಿಮ್ಮಲ್ಲೇ ಉಳಿಯುತ್ತದೆ, ಆದರೆ ಬಳಸಲು, ಹಂಚಲು, ಬದಲಿಸಲು ಸ್ಟೀಮ್ ನಡೆಸುವ ವಾಲ್ವ್ ಕಂಪನಿಗೆ ಜಗತ್ತಿನೆಲ್ಲೆಡೆ ಹಕ್ಕು ಬರೆದುಕೊಡುತ್ತೀರಿ. ಅದು ಕೇವಲ ಅವರಿಗೇ ಮೀಸಲಾದ ಹಕ್ಕಲ್ಲ, ಅದೇ ಮಾಡನ್ನು ನೀವು ಬೇರೆ ಕಡೆಯೂ ಇಡಬಹುದು.

ದೂರು ಬಂದರೆ? ಹಕ್ಕುಸ್ವಾಮ್ಯದ ದೂರಾದರೆ ಅಮೆರಿಕದ ಡಿಎಂಸಿಎ ಕಾಯ್ದೆಯ ದಾರಿ. ಮಾಡ್ ಇಳಿಸುತ್ತಾರೆ, ನಿಮಗೆ ತಿಳಿಸುತ್ತಾರೆ. ದೂರು ಸುಳ್ಳೆಂದಾದರೆ ನೀವು ಪ್ರತಿ-ನೋಟಿಸು ಕೊಡಬಹುದು. ದೂರುದಾರ ಕೋರ್ಟಿಗೆ ಹೋಗದಿದ್ದರೆ 10ರಿಂದ 14 ಕೆಲಸದ ದಿನಗಳಲ್ಲಿ ಮರಳಿ ಹಾಕಬೇಕು. ಆದರೆ ಆ ನೋಟಿಸಿನಲ್ಲಿ ನಿಮ್ಮ ನಿಜ ಹೆಸರು, ವಿಳಾಸ, ಫೋನ್ ನಂಬರು ಬರೆಯಬೇಕು, ಅದು ದೂರುದಾರನ ಕೈಗೆ ಹೋಗುತ್ತದೆ. ಅಮೆರಿಕದ ನ್ಯಾಯಾಲಯದ ವ್ಯಾಪ್ತಿಗೂ ಒಪ್ಪಬೇಕು. ವಿದ್ಯಾನಗರದಲ್ಲಿ ಕೂತ ಕಾಲೇಜು ಹುಡುಗ ಯೋಚಿಸಿ ಸಹಿ ಮಾಡಬೇಕಾದ ಕಾಗದ ಅದು. ಇನ್ನೊಂದು ಮಾತು, ಬಹಳ ಮಂದಿಗೆ ಗೊತ್ತಿಲ್ಲ: ಈ ಪ್ರತಿ-ನೋಟಿಸಿನ ಅನುಕೂಲ ಹಕ್ಕುಸ್ವಾಮ್ಯಕ್ಕೆ ಮಾತ್ರ. ದೂರು ಟ್ರೇಡ್‌ಮಾರ್ಕಿನದಾದರೆ ಇಷ್ಟು ದಿನದಲ್ಲಿ ಮರಳಿ ಹಾಕಬೇಕೆಂಬ ಕಟ್ಟಳೆ ಯಾವುದೂ ಇಲ್ಲ, ಎಲ್ಲ ಅವರ ಮರ್ಜಿ. ಅದಕ್ಕೇ ಲೋಗೋವನ್ನು ಬಸ್ಸಿನ ಮುಖ್ಯ ಟೆಕ್ಸ್ಚರಿಗೆ ಬೆಸೆಯಬೇಡಿ. ಪ್ರತ್ಯೇಕ ಪದರದಲ್ಲಿಡಿ. ದೂರು ಬಂದರೆ ಒಂದು ಪದರ ತೆಗೆದು ಅರ್ಧ ಗಂಟೆಯಲ್ಲಿ ಹೊಸ ಆವೃತ್ತಿ ಹಾಕಬಹುದು. ಬೆಸೆದಿದ್ದರೆ ಇಡೀ ಸ್ಕಿನ್ ಮತ್ತೆ ಬಿಡಿಸಬೇಕು. ಪದೇ ಪದೇ ಉಲ್ಲಂಘಿಸುವ ಖಾತೆಗಳನ್ನು ಮುಚ್ಚುವ ನೀತಿ ಇರಲೇಬೇಕೆಂದು ಡಿಎಂಸಿಎ ಹೇಳುತ್ತದೆ, ಹಾಗಾಗಿ ನಾಲ್ಕಾರು ಇಳಿಕೆಗಳಾದ ಖಾತೆ ಉಳಿಯುವ ಭರವಸೆ ಇಟ್ಟುಕೊಳ್ಳಬೇಡಿ.

ಹೆಸರಿನ ವಿಷಯದಲ್ಲಿ ಎಸ್‌ಸಿಎಸ್‌ನವರ ಹಳೇ ಉಪಾಯವೇ ನಮಗೂ ಸಾಕು. 2012ರಲ್ಲಿ ಆಟ ಬಂದಾಗ ಮರ್ಸಿಡಿಸ್ ಪರವಾನಗಿ ಅವರ ಕೈಯಲ್ಲಿರಲಿಲ್ಲ. ಲಾರಿಗೆ ಇಟ್ಟ ಹೆಸರು ಮೆಜೆಸ್ಟಿಕ್. ಬೆಂಗಳೂರು ಬಸ್ಸಿಗೆ ಹತ್ತಿದವರು ನಕ್ಕರೂ ಲಾರಿ ವರ್ಷಗಟ್ಟಲೆ ಸುರಕ್ಷಿತವಾಗಿ ಓಡಿತು, ಪರವಾನಗಿ ಸಿಕ್ಕ ಮೇಲೆ ನಿಜ ಹೆಸರು ಬಂತು. ನಿಮ್ಮ ಬಸ್ಸಿಗೂ ಬಣ್ಣದ ಪಟ್ಟಿ ಇಟ್ಟು, ಹೆಸರು ನೀವೇ ಕಟ್ಟಿ. ಕಂಪನಿಯನ್ನೇ ಹೆದರದೆ ದಾಟಿಸಿದ ಉಪಾಯ ಹುಡುಗರಿಗೆ ಅವಮಾನವೇನಲ್ಲ.

ಅಂಕ ಯಾಕೆ ಕತ್ತರಿಸಿದೆವೆಂದರೆ, ನಿಮ್ಮ ಮಾಡನ್ನು ಇನ್ನೊಬ್ಬ ಹೆಸರು ಬದಲಿಸಿ ಅಲ್ಲಿಯೇ ಹಾಕಿದಾಗ ವರ್ಕ್‌ಶಾಪ್ ತಾನಾಗಿ ಕಂಡುಹಿಡಿಯುವುದಿಲ್ಲ. ನೀವೇ ದೂರಬೇಕು, ನೀವೇ ಸಾಕ್ಷಿ ಕೊಡಬೇಕು.

ನೆಕ್ಸಸ್ ಮಾಡ್ಸ್

ಇದರ ಬಗ್ಗೆ ಹೇಳಲು ಹೆಚ್ಚಿಲ್ಲ, ಹೇಳುವುದೆಲ್ಲ ಅನುಮತಿ ಪುಟದ ಬಗ್ಗೆ. ಪ್ರತಿ ಮಾಡಿಗೂ ನೀವು ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡಬೇಕು: ಇನ್ನೊಬ್ಬರು ಇದನ್ನು ಬೇರೆಡೆ ಹಾಕಬಹುದೇ, ತಿದ್ದಿ ಬಿಡುಗಡೆ ಮಾಡಬಹುದೇ, ಬೇರೆ ಆಟಕ್ಕೆ ಬದಲಿಸಬಹುದೇ, ಇದರ ಬಿಡಿಭಾಗ ಬಳಸಬಹುದೇ, ಹಣಕ್ಕೆ ಮಾರುವ ಮಾಡಿನಲ್ಲಿ ಬಳಸಬಹುದೇ, ದೇಣಿಗೆ ಅಂಕ ಗಳಿಸುವ ಮಾಡಿನಲ್ಲಿ ಬಳಸಬಹುದೇ. ನಿಮ್ಮ ಮಾಡಿನಲ್ಲಿ ಬೇರೆಯವರ ಭಾಗಗಳಿದ್ದರೆ ಅದನ್ನೂ ಬರೆಯಬೇಕು. ಈ ಪುಟ ತುಂಬಿದವನಿಗೆ ತನ್ನ ಮಾಡಿನಲ್ಲಿ ಯಾವುದು ಸ್ವಂತದ್ದು, ಯಾವುದು ಸಾಲದ್ದು ಎಂದು ತಾನಾಗಿ ಗೊತ್ತಾಗುತ್ತದೆ. ಮಾಡನ್ನು ಬೇರೆ ಕಡೆ ಇಟ್ಟರೂ ಇಲ್ಲಿನ ಪ್ರಶ್ನೆಗಳನ್ನೇ ವಿವರಣೆ ಫೈಲಿನಲ್ಲಿ ನಕಲು ಮಾಡಿಕೊಳ್ಳಿ ಎಂಬುದು ನಮ್ಮ ಸಲಹೆ.

ಬೇರೆ ಆಟದಿಂದ ಕಿತ್ತ ಮಾದರಿಗಳಿಗೆ ಇಲ್ಲಿ ಜಾಗವಿಲ್ಲ. ಇಷ್ಟವಾಗದ್ದು ಒಂದು: 2021ರಲ್ಲಿ ಕಲೆಕ್ಷನ್ಸ್ (ಹಲವು ಮಾಡ್‌ಗಳನ್ನು ಒಂದು ಕಟ್ಟಾಗಿ ಇಳಿಸುವ ವ್ಯವಸ್ಥೆ) ತರುವ ಸಲುವಾಗಿ, ಹಾಕಿದ ಫೈಲನ್ನು ಪೂರ್ತಿ ಅಳಿಸುವ ಅವಕಾಶ ಮಾಡಿದವನ ಕೈ ತಪ್ಪಿತು, ಮರೆಯ ಕಪಾಟಿಗೆ ಸರಿಸಬಹುದಷ್ಟೇ. ನಾಳೆ ಮನಸ್ಸು ಬದಲಾದೀತು ಎನ್ನುವವರು ಇದನ್ನು ತೂಗಿ ನೋಡಿ ಹಾಕಬೇಕು.

ಬಸ್ಸಿಡ್

ಇಂಡೋನೇಷ್ಯಾದ ಮಲಿಯೋ ಸಂಸ್ಥೆ 2017ರಲ್ಲಿ ಬಿಟ್ಟ ಈ ಆಟ ಸ್ಕಿನ್ ಬಿಡಿಸಲು, ಸ್ವಂತ 3ಡಿ ವಾಹನ ಸೇರಿಸಲು ತಾನೇ ದಾರಿ ಬಿಟ್ಟಿದೆ. ಆ ಮಟ್ಟಿಗೆ ಆಟದ ಕಂಪನಿಯಿಂದ ತೊಂದರೆಯಿಲ್ಲ. ಸ್ಕಿನ್ ಎಂದರೆ ಒಂದು ಪಿಎನ್‌ಜಿ ಚಿತ್ರ, ಫೋನಿನಲ್ಲೇ ಬಿಡಿಸಬಹುದು. ತೊಂದರೆ ಶುರುವಾಗುವುದು ಹಂಚಿಕೆಯಲ್ಲಿ. ಮಾಡ್ ಇಡಲು ಆಟದೊಳಗೆ ಅಧಿಕೃತ ಜಾಗವಿಲ್ಲದ ಕಾರಣ ಎಲ್ಲವೂ ಡ್ರೈವ್ ಲಿಂಕು, ಕಿರಿದು ಮಾಡಿದ ಲಿಂಕು, ನಾಲ್ಕು ಜಾಹೀರಾತು ದಾಟಿದರೆ ಸಿಗುವ ಫೈಲು, ಪೂರ್ತಿ ವಿಡಿಯೋ ನೋಡಿದರೆ ಸಿಗುವ ಪಾಸ್‌ವರ್ಡು. ಕಾನೂನಿನ ಕಣ್ಣಿಗೆ ಇದು ಸಣ್ಣ ವಿಷಯವಲ್ಲ. 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 29ನೇ ಕಲಂ ವ್ಯಾಪಾರದ ನಡುವೆ ನಡೆದ ಬಳಕೆಯನ್ನು ಉಲ್ಲಂಘನೆ ಎನ್ನುತ್ತದೆ. ಪುಕ್ಕಟೆ ಸ್ಕಿನ್ ಇಟ್ಟವನಿಗೆ "ನನ್ನದು ವ್ಯಾಪಾರವಲ್ಲ" ಎಂಬ ವಾದ ಉಳಿದಿರುತ್ತದೆ. ಜಾಹೀರಾತು ಬಾಗಿಲು ಕಟ್ಟಿದವನು ಆ ವಾದವನ್ನು ತಾನೇ ಕಳೆದುಕೊಳ್ಳುತ್ತಾನೆ.

ವಿಡಿಯೋದ ಕೆಳಗೆ "ಸೆಕ್ಷನ್ 107 ಪ್ರಕಾರ ನ್ಯಾಯಯುತ ಬಳಕೆ" ಎಂದು ಅಂಟಿಸುವ ಚಾಳಿ ನಮ್ಮಲ್ಲಿ ಬಹಳ. ಅದು ಅಮೆರಿಕದ 1976ರ ಕಾಯ್ದೆಯ ಕಲಂ. ನಮ್ಮಲ್ಲಿ ವಿನಾಯಿತಿಗಳಿರುವುದು 52ನೇ ಕಲಮಿನಲ್ಲಿ, ಅದೂ ಎಣಿಸಿ ಕೊಟ್ಟ ಪಟ್ಟಿ: ಖಾಸಗಿ ಬಳಕೆ, ಸಂಶೋಧನೆ, ವಿಮರ್ಶೆ, ಸುದ್ದಿ ಇತ್ಯಾದಿ. ಅಭಿಮಾನಕ್ಕೆಂದು ಒಂದು ಕಲಂ ಅದರಲ್ಲಿಲ್ಲ. "ಹಕ್ಕು ಮೂಲ ಮಾಲೀಕರದು" ಎಂಬ ಸಾಲೂ ಗುಳಿಗೆಯಲ್ಲ, ಬೇರೆಯವರ ಮಾಲೆಂದು ನೀವೇ ಬರೆದುಕೊಟ್ಟಂತೆ.

ಲಾಕ್ ಮಾಡಿದ ಮಾಡ್ ಬಿಚ್ಚಿ ಮರುಹಂಚುವುದು ಇಲ್ಲಿ ದಿನನಿತ್ಯದ ಜಗಳ. ಹಕ್ಕುಸ್ವಾಮ್ಯ ಕಾಯ್ದೆಗೆ 2012ರ ತಿದ್ದುಪಡಿಯಿಂದ ಬಂದ 65ಎ ಕಲಂ ಪ್ರಕಾರ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ಬೀಗ ಮುರಿದರೆ 2 ವರ್ಷದವರೆಗೆ ಸಜೆ, ಜೊತೆಗೆ ದಂಡ. ಮಜಾ ಎಂದರೆ ಲಾಕ್ ಹಾಕಿದವನ ಮಾಡೇ ಎಷ್ಟೋ ಸಲ ಇನ್ನೊಂದು ಆಟದಿಂದ ಕಿತ್ತದ್ದಾಗಿರುತ್ತದೆ. ಆಗ ಇಬ್ಬರೂ ಠಾಣೆಗೆ ಹೋಗುವ ಸ್ಥಿತಿಯಲ್ಲಿರುವುದಿಲ್ಲ.

ಬಸ್ಸಿನೊಳಗೆ ಹಾಡು ಹಾಕುವ ಚಟಕ್ಕೆ ಒಂದೇ ಮಾತು: ಹಾರ್ನ್ ನಿಮ್ಮ ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ್ದಾದರೆ ನಿಮ್ಮದು, ಸಿನಿಮಾ ಹಾಡು ಹತ್ತು ಸೆಕೆಂಡಾದರೂ ಆಡಿಯೋ ಕಂಪನಿಯದು. ಹತ್ತು ಸೆಕೆಂಡಿನ ವಿನಾಯಿತಿ ಎಂಬುದು ಕಾಯ್ದೆಯಲ್ಲಿ ಎಲ್ಲಿಯೂ ಇಲ್ಲ.

ಜಿಟಿಎ ಕಡೆ ಹೋಗುವವರಿಗೆ

ಜಿಟಿಎ ಮಾಡಿದ ರಾಕ್‌ಸ್ಟಾರ್ ಕಂಪನಿಯ ಆಟಗಳಿಗೆ ಚೆನ್ನಮ್ಮ ಸರ್ಕಲ್ ಕಟ್ಟುವ ಕನಸಿನವರು ಮೊದಲು ಅವರ ನೀತಿ ಓದಿ. 2017ರ ಜೂನಿನಲ್ಲಿ ಮಾಲೀಕ ಕಂಪನಿ ಟೇಕ್-ಟೂ ಓಪನ್‌ಐವಿ ಎಂಬ ಮಾಡ್ ಮಾಡುವ ಸಲಕರಣೆಗೆ ನೋಟಿಸು ಕೊಟ್ಟು ನಿಲ್ಲಿಸಿತು. ಆಟಗಾರರು ರೊಚ್ಚಿಗೆದ್ದ ಮೇಲೆ ಒಬ್ಬರೇ ಆಡುವ, ವ್ಯಾಪಾರವಲ್ಲದ ಮಾಡ್‌ಗಳನ್ನು ಸಾಮಾನ್ಯವಾಗಿ ತಡೆಯುವುದಿಲ್ಲ ಎಂದು ಹೇಳಿಕೆ ಬಂತು. ಆದರೆ ಬೇರೆಯವರ ಹಕ್ಕಿನ ವಸ್ತು ತರುವುದಕ್ಕೆ ಆ ಮಾಫಿ ಅನ್ವಯಿಸದು. ಹಲವರು ಕೂಡಿ ಪಾತ್ರ ಕಟ್ಟಿ ಆಡುವ ಫೈವ್‌ಎಂ ಬಗೆಯ ರೋಲ್‌ಪ್ಲೇ ಸರ್ವರುಗಳಿಗಾಗಿ 2022ರಲ್ಲಿ ಬರೆದ ನಿಯಮದಲ್ಲಿ ನಿಜ ಪ್ರಪಂಚದ ಬ್ರ್ಯಾಂಡು, ಟ್ರೇಡ್‌ಮಾರ್ಕ್, ಸಂಗೀತ ತರುವಂತಿಲ್ಲ ಎಂದು ನೇರವಾಗಿದೆ. ಅಂದರೆ ಹುಬ್ಬಳ್ಳಿ ಸರ್ವರ್ ಮಾಡಿ ದೊಡ್ಡ ಲಾಜಿಸ್ಟಿಕ್ಸ್ ಕಂಪನಿಯ ಹಳದಿ ಲಾರಿ ಓಡಿಸಿದರೆ ಎರಡು ಕಡೆಯಿಂದ ಪೆಟ್ಟು. ಇದಕ್ಕೆ ನಾವು ಅಂಕವನ್ನೇ ಕೊಟ್ಟಿಲ್ಲ. ಮೈನ್‌ಕ್ರಾಫ್ಟ್ ಇದಕ್ಕಿಂತ ಎಷ್ಟೋ ನೇರ: ಮೊದಲಿನಿಂದ ನೀವೇ ಬರೆದ ಮಾಡ್ ನಿಮ್ಮದು, ಮಾರಬೇಡಿ, ಮಾರ್ಪಡಿಸಿದ ಆಟವನ್ನೇ ಹಂಚಬೇಡಿ, ಅಧಿಕೃತ ಎಂಬ ಭಾವನೆ ಬರಿಸಬೇಡಿ.

ಗುರುತು ಬಳಸಿದ ಮಾತ್ರಕ್ಕೆ ಎಲ್ಲವೂ ತಪ್ಪೇ? ಅಲ್ಲ. ಒಡಿಶಾದ ಧಾಮ್ರಾ ಬಂದರಿನಿಂದ ಕಡಲಾಮೆಗಳಿಗೆ ಅಪಾಯವೆಂದು ಗ್ರೀನ್‌ಪೀಸ್ ಒಂದು ಪ್ಯಾಕ್-ಮ್ಯಾನ್ ಬಗೆಯ ಆಟ ಮಾಡಿ ಟಾಟಾ ಹೆಸರು, ಗುರುತು ಬಳಸಿತ್ತು. ಟಾಟಾ ತಡೆಯಾಜ್ಞೆ ಕೇಳಿತು. ದೆಹಲಿ ಹೈಕೋರ್ಟ್ 2011ರ ಜನವರಿಯಲ್ಲಿ ಕೊಡಲಿಲ್ಲ. ಟೀಕೆಗೆ, ವಿಡಂಬನೆಗೆ ಅಷ್ಟು ಜಾಗವಿದೆ. ಆದರೆ ನಮ್ಮ ಬಸ್ ಮಾಡ್‌ಗಳು ಟೀಕೆಯಲ್ಲ, ಅಚ್ಚುಕಟ್ಟಾದ ನಕಲು. ಆ ತೀರ್ಪಿನ ನೆರಳಲ್ಲಿ ಹೊಕ್ಕು ಕೂರಲಾಗದು.

ಗೋಕುಲ ರಸ್ತೆಗೆ ಒಂದು ಪತ್ರ

ನಿಜವಾದ ಹೆಸರು, ಲಾಂಛನವೇ ಬೇಕೆಂದರೆ ಕೇಳಿ ಪಡೆಯಿರಿ. ವಾಯವ್ಯ ಸಾರಿಗೆಯ ಕೇಂದ್ರ ಕಚೇರಿ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿದೆ, ಪತ್ರ ವ್ಯವಸ್ಥಾಪಕ ನಿರ್ದೇಶಕರ ಹೆಸರಿಗೆ. ಪತ್ರದಲ್ಲಿ ಆಟದ ಹೆಸರು, ಮಾಡ್ ಎಲ್ಲಿ ಸಿಗುತ್ತದೆ, ಯಾವ ಗುರುತು ಎಲ್ಲಿ ಬಳಸುತ್ತೀರಿ, ಹಣ ಇಲ್ಲ, ಜಾಹೀರಾತು ಲಿಂಕಿಲ್ಲ, ಎಷ್ಟು ವರ್ಷಕ್ಕೆ ಎಂಬುದು ಬೇಕು. ಬಸ್ಸಿನ ನಾಲ್ಕೂ ಬದಿಯ ಸ್ಕ್ರೀನ್‌ಶಾಟ್ ಲಗತ್ತಿಸಿ. ಅಪಘಾತ, ಅಶ್ಲೀಲ ವಿಡಿಯೋಗಳಿಗೆ ಈ ಮಾಡ್ ಬಳಸಿದರೆ ಹಿಂಪಡೆಯುವೆ ಎಂಬ ಸಾಲು ಸೇರಿಸಿ. ಸಂಸ್ಥೆಗಳಿಗೆ ಭಯವಿರುವುದು ಅದರದೇ. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಉತ್ತರ ಬರಲಿಲ್ಲವೆಂದರೆ ಒಪ್ಪಿಗೆ ಎಂದಲ್ಲ: ಹಕ್ಕುಸ್ವಾಮ್ಯ ಕಾಯ್ದೆಯ 30ನೇ ಕಲಂ ಪ್ರಕಾರ ಪರವಾನಗಿ ಲಿಖಿತವಾಗಿಯೇ ಇರಬೇಕು. ಡಿಪೋದಲ್ಲಿ ಪರಿಚಯದ ಕಂಡಕ್ಟರಣ್ಣ "ಹಾಕ್ಕೋ ತಮ್ಮಾ, ಯಾರ ಏನ್ ಅಂತಾರ" ಎಂದದ್ದು ಪರವಾನಗಿಯಾಗುವುದಿಲ್ಲ. ಟಾಟಾ, ವೋಲ್ವೋ ಗುರುತಿಗೆ ಈ ಪತ್ರ ಸಾಲದು, ಅದು ಅವರದೇ ಬೇರೆ ಕಾಗದ. ನಮ್ಮ ಅಭಿಪ್ರಾಯದಲ್ಲಿ ಗ್ರಿಲ್ ಖಾಲಿ ಬಿಡುವುದೇ ಸಲೀಸು.

ನಿಮ್ಮದೇ ಮಾಡ್ ಕಳುವಾದರೆ

ನೀವೇ ಕಟ್ಟಿದ ಮಾದರಿಗೆ ಹಕ್ಕುಸ್ವಾಮ್ಯ ಹುಟ್ಟುತ್ತಲೇ ಇದೆ, ನೋಂದಣಿ ಕಡ್ಡಾಯವಲ್ಲ. ಬೇಕೆಂದರೆ ಕಲಾಕೃತಿಯಾಗಿ ನೋಂದಾಯಿಸಬಹುದು: ಶುಲ್ಕ 500 ರೂಪಾಯಿ, ಅರ್ಜಿ ಹಾಕಿ 30 ದಿನ ಆಕ್ಷೇಪಕ್ಕೆ ಕಾಯಬೇಕು. ನಿಮ್ಮ ಮಾಡ್ ತಂಡದ ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಸುವುದಾದರೆ ವ್ಯಕ್ತಿಗೆ ಆನ್‌ಲೈನಿನಲ್ಲಿ ಒಂದು ವರ್ಗಕ್ಕೆ 4,500 ರೂಪಾಯಿ, ಸಾಫ್ಟ್‌ವೇರಿಗೆ 9ನೇ ವರ್ಗ, 10 ವರ್ಷಕ್ಕೊಮ್ಮೆ ನವೀಕರಣ. ಹವ್ಯಾಸಕ್ಕೆ ಇದು ದುಬಾರಿ. ತಂಡ ದುಡ್ಡು ನೋಡಲು ಶುರು ಮಾಡಿದ ಮೇಲೆ ನೋಡಿದರಾಯಿತು.

ಸಾಕ್ಷಿ ಮಾತ್ರ ಮೊದಲ ದಿನದಿಂದ ಇರಲಿ. ಬ್ಲೆಂಡರ್ ಮೂಲ ಫೈಲಿನ ಪ್ರತಿ ಆವೃತ್ತಿಯನ್ನೂ ದಿನಾಂಕದ ಹೆಸರಿನಲ್ಲಿ ಉಳಿಸಿ. ಬಿಡುಗಡೆಯ ದಿನ ಮಾಡ್ ಫೈಲಿನ ಎಸ್‌ಎಚ್‌ಎ-256 ಮೊತ್ತ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ತೆಗೆದು ನಿಮಗೆ ನೀವೇ ಇಮೇಲ್ ಮಾಡಿ, ದಿನಾಂಕ ಅಲ್ಲಿ ಕೂರುತ್ತದೆ. ಬಸ್ಸಿನ ತಳಕ್ಕೆ, ಯಾರೂ ನೋಡದ ಕಡೆ, ಕೆಲಸಕ್ಕೆ ಬಾರದ ಮೂರು ಮೂಲೆಯ ಒಂದು ತುಂಡು ಬಿಡಿ. ಕದ್ದವನು ಬಣ್ಣ ಬದಲಿಸುತ್ತಾನೆ, ತಳ ನೋಡುವುದಿಲ್ಲ. ಟೆಕ್ಸ್ಚರಿನ ಬಳಕೆಯಾಗದ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ನಿಮ್ಮ ಹೆಸರು. ದೂರಿನ ಜೊತೆ ಎರಡೂ ತಳಗಳ ವೈರ್‌ಫ್ರೇಮ್ (ಗೆರೆಗಳಷ್ಟೇ ಕಾಣುವ) ಚಿತ್ರ ಅಕ್ಕಪಕ್ಕ ಇಟ್ಟು ಕಳಿಸಿದರೆ ವಾದಕ್ಕೆ ಜಾಗ ಉಳಿಯುವುದಿಲ್ಲ.

ಫೈಲು ಕೂತಿರುವುದು ಭಾರತದ ತಾಣದಲ್ಲಾದರೆ 2013ರ ಹಕ್ಕುಸ್ವಾಮ್ಯ ನಿಯಮಗಳ 75ನೇ ನಿಯಮ ಬಳಸಿ. ಲಿಖಿತ ದೂರಿನಲ್ಲಿ ಕೃತಿಯ ವಿವರ, ನಿಮ್ಮ ಮಾಲೀಕತ್ವದ ಆಧಾರ, ಕದ್ದ ಪ್ರತಿ ಇರುವ ಜಾಗ ಬರೆದರೆ 36 ಗಂಟೆಯೊಳಗೆ ಅವರು ಪ್ರವೇಶ ತಡೆಯಬೇಕು. ತಡೆ ನಿಲ್ಲುವುದು 21 ದಿನ. ಅಷ್ಟರೊಳಗೆ ಕೋರ್ಟಿನ ಆದೇಶ ತೋರಿಸದಿದ್ದರೆ ಅವರು ಫೈಲನ್ನು ಮತ್ತೆ ತೆರೆಯಬಹುದು. ಹಾಗಾಗಿ ದೂರು ಕಳಿಸುವ ಮುಂಚೆಯೇ ವಕೀಲರ ಹತ್ತಿರ ಒಮ್ಮೆ ಕೂತು, ಮುಂದೆ ಹೋಗುವ ಮನಸ್ಸು, ದುಡ್ಡು ಎರಡೂ ಇದೆಯೇ ನೋಡಿಕೊಳ್ಳಿ.